ಭಾನುವಾರದ ಎರಡನೆಯ ಮೊಟ್ಟೆ

ನಮ್ಮಕ್ಕ ಕೆಲಸಕ್ಕೆ ಹೊರಟಳೆಂದರೆ ಅವಳ ಚೀಲದಲ್ಲಿ ಮೂರು ಮರದ ಮೊಟ್ಟೆ ಮತ್ತು ಒಂದು ತಗಡಿನ ತಟ್ಟೆ ಇದ್ದೇ ಇರುತ್ತಿದ್ದವು. ಮೊಟ್ಟೆಗಳಲ್ಲಿ ಸಣ್ಣದೊಂದು, ಮಧ್ಯಮದ್ದೊಂದು, ದೊಡ್ಡದೊಂದು. ಬಸ್ಸಿನಲ್ಲಿ ಯಾರಾದರೂ ಮೈಮೇಲೆ ಬಿದ್ದರೆ "ಸ್ವಲ್ಪ ನೋಡ್ಕೊಂಡು, ಚೀಲದಲ್ಲಿ ಮೊಟ್ಟೆ ಇದೆ" ಎನ್ನುತ್ತಿದ್ದಳು. ಜನ ಹೌಹಾರಿ ಸರಿದು ಜಾಗ ಬಿಡುತ್ತಿದ್ದರು. ಸುಳ್ಳು ಹೇಳಿದಂತೆಯೂ ಆಗಲಿಲ್ಲ, ಸೀಟೂ ಸಿಕ್ಕಿತು. ಅಕ್ಕ ಸುಳ್ಳು ಹೇಳುವವಳಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ, ಮುಂದಿನ ಗಲಾಟೆಯೆಲ್ಲ ಆಗಿದ್ದು ಅದರಿಂದಲೇ.

ಊರಿನ ಆಹಾರ ಸಂಶೋಧನಾ ಕೇಂದ್ರದಲ್ಲಿ ಮೊಟ್ಟೆ ತಿಂದರೆ ಮನುಷ್ಯನ ಹೃದಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಎಷ್ಟೋ ವರ್ಷದಿಂದ ತಲೆ ಕೆಡಿಸಿಕೊಂಡು ಕೂತಿದ್ದರು. ಅದು ಗೊತ್ತಾಗಬೇಕಾದರೆ ಯಾರು ಎಷ್ಟು ತಿನ್ನುತ್ತಾರೆಂದು ಮೊದಲು ತಿಳಿಯಬೇಕಲ್ಲ. ಕೇಂದ್ರದವರು ಚೀಟಿ ಎತ್ತಿ ಮನೆಗಳನ್ನು ಆರಿಸುತ್ತಿದ್ದರು, ಅಕ್ಕ ಆ ಮನೆಗಳಿಗೆ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಕೆಲವು ತಿಂಗಳಾದ ಮೇಲೆ ಇನ್ನೊಬ್ಬರು ಹೋಗಿ ಅದೇ ಜನರ ರಕ್ತ ತೆಗೆದುಕೊಂಡು ಬರುತ್ತಿದ್ದರು. ತಿಂದ ಮೊಟ್ಟೆಯನ್ನೂ ತೆಗೆದ ರಕ್ತವನ್ನೂ ತಾಳೆ ಹಾಕಿ ನೋಡುವುದು ಡಾಕ್ಟರುಗಳ ಕೆಲಸ. ಬೀದಿಯ ಜನ ಅಕ್ಕನಿಗೆ ಮೊಟ್ಟೆ ಮೇಡಂ ಎಂದೇ ಹೆಸರಿಟ್ಟಿದ್ದರು. ಅವಳಿಗೆ ಅದರಲ್ಲಿ ಬೇಜಾರಿರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು.

ನಾನು ದರ್ಜಿ. ಅವಳ ಮನೆ ಮೇಲೆ, ನನ್ನ ಅಂಗಡಿ ಕೆಳಗೆ. ಮನುಷ್ಯ ತನ್ನ ಬಗ್ಗೆ ಎಷ್ಟು ಸುಳ್ಳು ಹೇಳಬಲ್ಲ ಎಂಬುದು ನನಗೂ ಗೊತ್ತು. "ಸೊಂಟದ ಅಳತೆ ಹೋದ ವರ್ಷದ್ದೇ ಇಡಿ" ಎಂದು ಹೊಟ್ಟೆ ಒಳಗೆಳೆದುಕೊಂಡು ನಿಂತುಬಿಡುತ್ತಾರೆ. ನಾನು ಮಕ್ಕಳ ಓದಿನ ವಿಷಯ ತೆಗೆಯುತ್ತೇನೆ, ಅವರು ನಿಟ್ಟುಸಿರು ಬಿಡುತ್ತಾರೆ, ಆಗ ಟೇಪು ಸುತ್ತುತ್ತೇನೆ. ಅಕ್ಕನ ಹತ್ತಿರ ಅಂಥ ಟೇಪು ಇರಲಿಲ್ಲ. ತಿಂದ ಮೊಟ್ಟೆಗೆ ಸಾಕ್ಷಿ ತಿಂದವನೊಬ್ಬನೇ.

ಜನ ಏನೇನು ಹೇಳುತ್ತಿದ್ದರು ಎಂದರೆ! ಅತ್ತೆ ಎದುರಿಗಿದ್ದರೆ ಸೊಸೆ ಒಂದೂ ತಿಂದಿರುವುದಿಲ್ಲ. ಅದೇ ಅತ್ತೆ ಒಳಗೆ ಹೋದ ಕೂಡಲೇ ಸೊಸೆಯ ಲೆಕ್ಕ ಮೇಲೇರುತ್ತದೆ. ತೋಳು ಬೆಳೆಸುವ ಹುಚ್ಚಿನವನೊಬ್ಬ ದಿನಕ್ಕೆ ಒಂದು ಡಜನ್ ಎಂದ, ಅವನಮ್ಮ ಅಡುಗೆಮನೆಯಿಂದಲೇ "ಮನೇಲಿ ಎಲ್ಲರಿಗೂ ಸೇರಿ ತರೋದೇ ಅಷ್ಟು" ಎಂದು ಕೂಗಿದಳು. ನಿವೃತ್ತ ಅಧಿಕಾರಿಯೊಬ್ಬರು ತಾವು ಮೊಟ್ಟೆಯನ್ನು ಮುಟ್ಟುವುದೇ ಇಲ್ಲವೆಂದು ಹೇಳುತ್ತ ಬಾಯಿ ತುಂಬ ಕೇಕು ತಿನ್ನುತ್ತಿದ್ದರು.

"ಸಾರ್, ಕೇಕಿಗೆ ಮೊಟ್ಟೆ ಹಾಕಿರ್ತಾರಲ್ಲ?" ಎಂದಳು ಅಕ್ಕ.

"ಏನಮ್ಮ ನೀನು! ಇದು ಕೇಕು," ಎಂದರಂತೆ ಅವರು, ತುಂಡು ಎತ್ತಿ ತೋರಿಸಿ.

ಇದಕ್ಕೆಲ್ಲ ಮದ್ದು ಎಂದು ಕೇಂದ್ರದ ಹಳೇ ಡಾಕ್ಟರು ಮರದ ಮೊಟ್ಟೆಯ ಉಪಾಯ ಕಂಡುಹಿಡಿದಿದ್ದರು. ನಾಚಿಕೆ ನಾಲಿಗೆಗೆ, ಕೈಗಲ್ಲ ಎಂಬುದು ಅವರ ವಾದ. ಉತ್ತರ ಹೇಳುವವರು ಬಾಯಿ ಬಿಡಬೇಕಾಗಿಲ್ಲ. ಅಕ್ಕ "ಸೋಮವಾರ?" ಎನ್ನುತ್ತಾಳೆ. ಅಂದು ಮೊಟ್ಟೆ ತಿನ್ನುವ ರೂಢಿಯಿದ್ದರೆ ತಮ್ಮ ಮೊಟ್ಟೆಯ ಗಾತ್ರದ್ದನ್ನು ಎತ್ತಿ ತಟ್ಟೆಗೆ ಹಾಕಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಆಮೇಲೆ "ಮಂಗಳವಾರ?" ಹೀಗೆ ಭಾನುವಾರದವರೆಗೆ. ಎರಡು ತಿಂದರೆ ಎರಡು ಸಲ ಹಾಕಬೇಕು. ಮತ್ತು ಇದು ನಡೆಯುವಾಗ ಕೋಣೆಯಲ್ಲಿ ಕೇಳುವವರು, ಹೇಳುವವರು ಬಿಟ್ಟರೆ ಮೂರನೆಯ ಜೀವ ಇರಬಾರದು.

ಈ ಕೊನೆಯ ನಿಯಮವನ್ನು ಅಕ್ಕ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು. ಗಂಡಂದಿರನ್ನು ಬೀದಿಗೆ ಕಳಿಸಿದಳು, ಹೆಂಡಂದಿರನ್ನು ಅಡುಗೆಮನೆಗೆ ಅಟ್ಟಿದಳು, ಹಾಸಿಗೆ ಹಿಡಿದ ಮಾವನೊಬ್ಬರನ್ನು ಮಂಚದ ಸಮೇತ ಪಕ್ಕದ ಕೋಣೆಗೆ ಸಾಗಿಸಿದಳು. ಒಂದು ಮನೆಯಲ್ಲಿ ಬೆಕ್ಕನ್ನೂ ಹೊರಹಾಕಿದ್ದಳು. ಅದು ಸುಮ್ಮನೆ ದಿಟ್ಟಿಸುತ್ತಿತ್ತು, ಆ ಮನುಷ್ಯನಿಗೆ ಮುಜುಗರವಾಗುತ್ತಿತ್ತು ಎಂದು ಅವಳ ಸಮಜಾಯಿಷಿ. ಈ ಕೆಲಸಕ್ಕಿದ್ದ ಬೇರೆಯವರಲ್ಲಿ ಕೆಲವರು ಉದ್ಯಾನದ ಬೆಂಚಿನ ಮೇಲೆ ಕಡಲೆ ತಿನ್ನುತ್ತ ಕೂತು ಇಡೀ ಬಡಾವಣೆಗೆ ತಾವೇ ಮೊಟ್ಟೆ ಹಂಚಿ ಎದ್ದು ಬರುತ್ತಿದ್ದರು. ಅಕ್ಕ ಮಾತ್ರ ಬಾಗಿಲು ತೆಗೆಯದ ಮನೆಗೆ ತೆಗೆಯುವವರೆಗೂ ಹೋಗುತ್ತಿದ್ದಳು. "ನನ್ನ ಕೈಯಿಂದ ಒಂದು ಸುಳ್ಳು ಅಂಕಿ ಒಳಗೆ ಹೋಗಿಲ್ಲ" ಎನ್ನುವುದು ಅವಳು ಜೀವನದಲ್ಲಿ ಗಳಿಸಿದ ಆಸ್ತಿ.

ಇನ್ನು ನಮ್ಮ ಭಾವ. ಅವರು ಗೋಡೆ ಮತ್ತು ಬೋರ್ಡು ಬರೆಯುವ ಪೇಂಟರು. ಅಕ್ಕನ ಮರದ ಮೊಟ್ಟೆಗಳಿಗೆ ಬಣ್ಣ ಬಳಿದವರೂ ಅವರೇ. ಕೇಂದ್ರದ ಕೆಲಸದವರೆಲ್ಲರ ಮೊಟ್ಟೆಗಳೂ ಒಬ್ಬನೇ ಬಡಗಿ ಕಡೆದು, ಭಾವನೇ ಬಣ್ಣ ಹಚ್ಚಿದವು. ಭಾವ ಮಿತಭಾಷಿ, ಸಾಧು, ಮತ್ತು ಮೊಟ್ಟೆಯ ವಿಷಯದಲ್ಲಿ ಎತ್ತಿದ ಕೈ. ಬೆಳಿಗ್ಗೆ ಬಿಸಿ ಬ್ರೆಡ್ಡಿನ ಮೇಲೆ ಅರೆಬೆಂದ ಮೊಟ್ಟೆ, ಮೇಲೆ ಮೆಣಸಿನ ಪುಡಿ, ಎದುರಿಗೆ ಅಕ್ಕ. ಅವಳದೂ ಅದೇ ತಿಂಡಿ. ಹಳದಿ ಒಡೆದು ಬ್ರೆಡ್ಡಿಗೆ ಇಳಿಯುವಾಗ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. ಅವರ ಸಂಸಾರದಲ್ಲಿ ಜಗಳವೇ ಇಲ್ಲದ ಹೊತ್ತು ಅದೊಂದೇ ಎಂದು ನಾನು ಛೇಡಿಸುತ್ತಿದ್ದೆ.

ಹಳೇ ಡಾಕ್ಟರ ಸಂಶೋಧನೆ ಮೊಟ್ಟೆಯ ವಿರುದ್ಧ ಹೊರಬಿತ್ತು. ಹಳದಿ ಭಾಗ ಹೃದಯದ ಶತ್ರು ಎಂದರು. ಕೇಂದ್ರದ ಹೊರಗೋಡೆಯ ಮೇಲೆ ದೊಡ್ಡ ಮೊಟ್ಟೆ ಬರೆದು ಅದಕ್ಕೆ ಕೆಂಪು ಗೀಟು ಎಳೆಯುವ ಕೆಲಸ ಭಾವನಿಗೇ ಸಿಕ್ಕಿತು. ಬೆಳಿಗ್ಗೆ ಮೊಟ್ಟೆ ತಿಂದು ಹೋಗಿ ಸಂಜೆಯವರೆಗೆ ಮೊಟ್ಟೆ ಬರೆದರು. ಎಂಥಾ ಮೊಟ್ಟೆ! ನೋಡಿದವರ ಬಾಯಲ್ಲಿ ನೀರೂರುತ್ತಿತ್ತು. ಕೆಂಪು ಗೀಟನ್ನು ಮಾತ್ರ ಆದಷ್ಟು ತೆಳ್ಳಗೆ ಎಳೆದಿದ್ದರು. ಗೀಟು ಕಾಣುವುದೇ ಇಲ್ಲವಲ್ಲ ಎಂದು ಹಳೇ ಡಾಕ್ಟರು ರೇಗಿ, ದಪ್ಪ ಮಾಡಲು ಮತ್ತೆ ಏಣಿ ಹತ್ತಿಸಿದರು. ಅವತ್ತು ಭಾವನಿಗೆ ಎದೆನೋವು ಬಂತು. ಏಣಿಯ ಬುಡದಲ್ಲಿ ಬ್ರಷ್ಷು ಹಿಡಿದುಕೊಂಡೇ ಕುಸಿದು ಕೂತರು.

ಆಸ್ಪತ್ರೆಯಲ್ಲಿ ಅಕ್ಕನ ಜೊತೆ ನಾನಿದ್ದೆ. ಬಾಗಿಲಿನಾಚೆ ಭಾವ, ಈಚೆ ಇವಳು. ಚೀಲದಿಂದ ದೊಡ್ಡ ಮೊಟ್ಟೆ ತೆಗೆದು ಅಂಗೈಯಲ್ಲಿ ಹಿಸುಕುತ್ತ ಕೂತಿದ್ದಳು. ನನ್ನ ಗಟ್ಟಿಗಿತ್ತಿ ಅಕ್ಕ ಅಷ್ಟು ಸಣ್ಣವಳಾಗಿ ಕಂಡಿದ್ದು ಅದೊಂದೇ ಸಲ. ಭಾವ ಗಂಡಾಂತರದಿಂದ ಪಾರಾದರು. ಮನೆಗೆ ಬಂದ ದಿನವೇ ಅಕ್ಕ ಮೊಟ್ಟೆ ನಿಲ್ಲಿಸಿದಳು. ಜೊತೆಗೆ ತನ್ನದನ್ನೂ ನಿಲ್ಲಿಸಿದಳು. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ವರ್ಷಗಳು ಕಳೆದವು, ಸಂಶೋಧನೆ ಮಗ್ಗುಲು ಬದಲಿಸಿತು. ಬಿಳಿ ಭಾಗ ತಿನ್ನಬಹುದು ಎಂದರು. ಭಾವ ಅರ್ಧ ಗೀಟು ಅಳಿಸಿದರು. ಹಳೇ ಡಾಕ್ಟರು ನಿವೃತ್ತರಾಗಿ ಅವರ ಶಿಷ್ಯನೇ ಆ ಕುರ್ಚಿಗೆ ಬಂದ. ಗುರುಗಳ ಲೆಕ್ಕದಲ್ಲಿ ಮೊಟ್ಟೆ ಜೊತೆಗೆ ಕರಿದದ್ದು, ಸಿಗರೇಟು, ಸೋಮಾರಿತನ ಎಲ್ಲ ಕಲಸಿಹೋಗಿತ್ತು, ಹೆಚ್ಚಿನವರಿಗೆ ದಿನಕ್ಕೊಂದು ಮೊಟ್ಟೆಯಿಂದ ಕೇಡಿಲ್ಲ ಎಂದು ಈ ಹೊಸ ಡಾಕ್ಟರು ಹೇಳಿದರು. ಭಾವ ಉಳಿದರ್ಧ ಗೀಟನ್ನೂ ಅಳಿಸಿದರು. ಗೋಡೆಯ ಮೇಲಿನ ಮೊಟ್ಟೆ ಮಾತ್ರ ಅದೇ ಹಳೆಯದು.

ಆ ಸಂಜೆ ಭಾವ ಕೈಯ ಬಣ್ಣ ತೊಳೆಯುತ್ತ ಮೆಲ್ಲಗೆ ಪೀಠಿಕೆ ಹಾಕಿದರು.

"ಹೊಸ ಡಾಕ್ಟರು ದಿನಕ್ಕೊಂದು ತಿನ್ನಬಹುದು ಅಂತಿದ್ದಾರೆ."

"ಅನ್ನಲಿ."

"ನಿಮ್ಮ ಕೇಂದ್ರದ್ದೇ ಮಾತು ಕಣೇ."

"ಹಳೇ ಡಾಕ್ಟರದ್ದೂ ನಮ್ಮ ಕೇಂದ್ರದ್ದೇ ಮಾತಾಗಿತ್ತು," ಎಂದಳು ಅಕ್ಕ. "ಅವರು ಇವತ್ತು ಹೌದು ಅಂತಾರೆ, ನಾಳೆ ಅಲ್ಲ ಅಂತಾರೆ. ಅವರಿಗೇನು, ಗೋಡೆ ಅಳಿಸಿದರೆ ಆಯ್ತು. ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದೋಳು ನಾನು."

ಭಾವ ಟವೆಲಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ನಾನು ಅಕ್ಕನನ್ನು ಮೊಂಡಿ ಎಂದು ಬೈದೆ. ಆದರೆ ಸಂಶೋಧನೆಯನ್ನು ಹಿಂದಕ್ಕೆ ತೆಗೆದುಕೊಂಡಷ್ಟು ಸಲೀಸಾಗಿ ಭಯವನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದು ಈಗ ಅನಿಸುತ್ತದೆ.

ಹೀಗಿರುವಾಗ ಚೀಟಿಯಲ್ಲಿ ಅಕ್ಕನ ಮನೆಯೇ ಬಂತು. ಬಂದ ಮನೆಯನ್ನು ಬಿಡುವಂತಿಲ್ಲ, ಸ್ವಂತ ಮನೆಯನ್ನು ತಾನೇ ಕೇಳುವಂತಿಲ್ಲ. ಕೇಂದ್ರದವರು ಕೊಡೆ ಮೇಡಂ ಅವರನ್ನು ಕಳಿಸಿದರು. ಮೋಡವಿರಲಿ ಬಿಸಿಲಿರಲಿ ಕೊಡೆ ಬಿಚ್ಚಿಕೊಂಡೇ ಓಡಾಡುವ ಹೆಂಗಸು ಅವರು, ಅಕ್ಕನ ಜೊತೆಗೇ ಕೆಲಸಕ್ಕೆ ಸೇರಿದವರು. ಇಬ್ಬರಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಉದ್ಯಾನದ ಬೆಂಚಿನ ಮೇಲೆ ಕೂತು ಮೊಟ್ಟೆ ಹಂಚುವವರಲ್ಲಿ ಇವರೂ ಒಬ್ಬರೆಂದು ಅಕ್ಕನ ಅನುಮಾನ. ಬಾಯಿಯಂತೂ ತೂತುಬಿದ್ದ ಚೀಲ, ಏನು ಹಾಕಿದರೂ ದಾರಿಯುದ್ದಕ್ಕೂ ಸುರಿಯುತ್ತದೆ.

ಅವರು ಬಂದಾಗ ಭಾವನ ಹೊಸ ಅಂಗಿಯ ತೋಳು ಸರಿಪಡಿಸಲು ನಾನೂ ಮೇಲೆ ಇದ್ದೆ. ಕೊಡೆ ಮೇಡಂ ಕೊಡೆ ಮಡಚಿದರು, ಮೇಜಿನ ಮೇಲೆ ತಟ್ಟೆ ಇಟ್ಟರು, ಮೂರು ಮೊಟ್ಟೆ ಸಾಲಾಗಿ ಜೋಡಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ ತುಟಿಯಂಚಿನಲ್ಲಿ ನಕ್ಕರು.

"ನಿಮಗೆ ನಾನು ಹೇಳಬೇಕಾ ಮೇಡಂ? ನಿಯಮ."

ಇಷ್ಟು ವರ್ಷ ಊರಿನ ಹೆಂಡಂದಿರನ್ನೆಲ್ಲ ಅಡುಗೆಮನೆಗೆ ಅಟ್ಟಿದ ನಮ್ಮಕ್ಕ ತನ್ನ ಮನೆಯಲ್ಲಿ ತಾನೇ ಅಡುಗೆಮನೆಗೆ ನಡೆದಳು. ನನ್ನನ್ನೂ ತೋಳು ಹಿಡಿದು ಎಳೆದುಕೊಂಡು ಹೋದಳು. ಬಾಗಿಲು ಹಾಕಿ, ಒಣಗಿದ ಪಾತ್ರೆಯೊಂದನ್ನು ಎತ್ತಿಕೊಂಡು ಒರೆಸತೊಡಗಿದಳು. ಒರೆಸುವ ಕೈ ಪಾತ್ರೆಯ ಮೇಲೆ, ಕಿವಿ ಬಾಗಿಲ ಮೇಲೆ.

"ಕದ್ದು ಕೇಳೋದು ನಿಯಮಕ್ಕೆ ವಿರುದ್ಧ ಅಲ್ವಾ?" ಎಂದೆ ನಾನು.

"ನಾನೆಲ್ಲಿ ಕೇಳ್ತಿದ್ದೀನಿ? ಪಾತ್ರೆ ಒರೆಸ್ತಿದ್ದೀನಿ," ಎಂದಳು. "ಕೇಳೋದಾದರೂ ಏನಿದೆ? ಒಂದೂ ಸದ್ದಾಗಲ್ಲ, ನೋಡ್ತಿರು."

ಬಾಗಿಲಿನಾಚೆಯಿಂದ ಕೊಡೆ ಮೇಡಂ ದನಿ ಬಂತು. "ಸೋಮವಾರ?"

ಠಣ್.

ಅಕ್ಕನ ಕೈ ನಿಂತಿತು. ಆ ಮೊಟ್ಟೆಗಳ ಸದ್ದು ಅವಳಿಗೆ ನನ್ನ ಕತ್ತರಿಯ ಸದ್ದು ನನಗೆ ಗೊತ್ತಿರುವಷ್ಟೇ ಚೆನ್ನಾಗಿ ಗೊತ್ತು. ಸಣ್ಣದು ಬಿದ್ದರೆ ಟಿಣ್ ಎನ್ನುತ್ತದೆ. ಇದು ದೊಡ್ಡದು.

"ಮಂಗಳವಾರ?" ಠಣ್. "ಬುಧವಾರ?" ಠಣ್. ಭಾವ ಒಂದು ದಿನವನ್ನೂ ಬಿಡಲಿಲ್ಲ. ಶನಿವಾರದ ಹೊತ್ತಿಗೆ ಅಕ್ಕನ ಮುಖ ಸುಣ್ಣ ಬಳಿದ ಹಾಗಾಗಿತ್ತು. ನಾನೊಬ್ಬ ಪಾಪಿ, ನಗು ತಡೆಯಲಾರದೆ ಕೈಯಲ್ಲಿದ್ದ ಅಂಗಿಯನ್ನು ಬಾಯಿಗೆ ತುರುಕಿಕೊಂಡಿದ್ದೆ.

"ಭಾನುವಾರ?"

ಠಣ್. ಸ್ವಲ್ಪ ಬಿಟ್ಟು, ಮತ್ತೆ ಠಣ್.

"ಎರಡು!" ಎಂದಳು ಅಕ್ಕ, ದನಿಯೇ ಇಲ್ಲದೆ. ಪಾತ್ರೆ ಕೈಜಾರಿ ಬಿದ್ದು ಉರುಳುತ್ತ ಒಲೆಯ ಕೆಳಗೆ ಸೇರಿತು.

ಕೊಡೆ ಮೇಡಂ ಹೋದ ಮೇಲೆ ಗಂಡನನ್ನು ತರಾಟೆಗೆ ತೆಗೆದುಕೊಳ್ಳೋಣವೆಂದರೆ ಅಕ್ಕನ ಬಾಯಿಗೆ ಬೀಗ. ಮನೆಯವರು ಏನು ಉತ್ತರ ಕೊಟ್ಟರೆಂದು ಕೇಳುವುದೇ ತಪ್ಪು. ಈ ಮಾತನ್ನು ಸಾವಿರ ಮನೆಗಳಲ್ಲಿ ಹೇಳಿ ಬಂದವಳೇ ಅವಳು. ಕೇಳುವಂತಿಲ್ಲ, ಕೇಳದೆ ಇರಲಾಗುವುದಿಲ್ಲ. ಭಾವ ಎಂದಿನಂತೆ ಕೂತು ಒಣ ಬ್ರೆಡ್ಡು ತಿನ್ನುತ್ತಿದ್ದರೆ ಅವಳು ಅವರ ಬಾಯನ್ನೇ ನೋಡುತ್ತ ಕೂರುತ್ತಿದ್ದಳು. ಇವರು ಹೊರಗೆ ಎಲ್ಲೋ ತಿನ್ನುತ್ತಿದ್ದಾರೆ, ಅದೂ ದೊಡ್ಡದನ್ನು, ದಿನಾ. ಒಂದು ದಿನ ಯಾವುದೋ ಏಣಿಯ ಬುಡದಲ್ಲಿ ಕುಸಿದು ಕೂರುತ್ತಾರೆ, ನನಗೆ ಯಾರೋ ಬಂದು ಹೇಳುತ್ತಾರೆ ಎಂಬುದು ಅವಳ ಭಯ.

ಕೊನೆಗೆ ಪತ್ತೇದಾರಿಕೆಗೆ ಇಳಿದಳು. ಭಾವನ ಅಂಗಿ ಮೂಸಿ ನೋಡಿದಳು, ಟರ್ಪೆಂಟೈನ್ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಬಣ್ಣದ ಡಬ್ಬಿಗಳನ್ನೆಲ್ಲ ತೆರೆದು ನೋಡಿದಳು. ಬೇಕರಿಯವನ ಹತ್ತಿರ ಹೋಗಿ, ಚಹಾದಂಗಡಿಯವನ ಹತ್ತಿರ ಹೋಗಿ, ತನ್ನ ಕೆಲಸದ ದನಿಯಲ್ಲೇ ವಿಚಾರಿಸಿದಳು. "ಪೇಂಟರ್ ಸಾಹೇಬ್ರಾ? ಬರೀ ಚಹಾ ಕುಡೀತಾರೆ ಮೇಡಂ" ಎಂದ ಚಹಾದವನು. ಅಕ್ಕ ನಂಬಲಿಲ್ಲ. ಸುಳ್ಳನ್ನೇ ಕೇಳಿ ಕೇಳಿ ಅಭ್ಯಾಸವಾದವಳಿಗೆ ನಿಜ ಎದುರು ಬಂದು ನಿಂತರೂ ಗುರುತು ಹತ್ತಲಿಲ್ಲ.

ಇನ್ನೊಂದು ಕಡೆ ಕೇಂದ್ರದಲ್ಲಿ ಎಲ್ಲರೂ ಅವಳಿಗೆ ವಿಶೇಷ ಮರ್ಯಾದೆ ಕೊಡತೊಡಗಿದರು. ಕಾವಲುಗಾರ ಕೂಡ ಎದ್ದು ನಿಂತು, "ಏನೇ ಹೇಳಿ ಮೇಡಂ, ಭಾನುವಾರ ಎರಡು ಕೊಡೋ ಹೆಂಡತಿ ಸಿಗೋಕೂ ಪುಣ್ಯ ಮಾಡಿರ್ಬೇಕು" ಎಂದ. ಗುಟ್ಟಾಗಿ ಇರಬೇಕಾದ ಉತ್ತರ ಕೊಡೆ ಮೇಡಂ ಬಾಯಿಂದ ಗೇಟಿನವರೆಗೂ ಬಂದಿತ್ತು. ಅಕ್ಕ ಸಿಡಿದೆದ್ದಳು. ನೇರ ನನ್ನ ಅಂಗಡಿಗೆ ಬಂದು, ಗಿರಾಕಿಯ ಎದೆಯಳತೆ ತೆಗೆಯುತ್ತಿದ್ದ ನನ್ನನ್ನು ಎಳೆದುಕೊಂಡು ಹೊರಟಳು.

ಭಾವ ಕೇಂದ್ರದ ಗೋಡೆಯ ಹಿಂಬದಿಯಲ್ಲಿ ಏಣಿಯ ಮೇಲಿದ್ದರು. "ದಿನಕ್ಕೊಂದು ಮೊಟ್ಟೆ" ಎಂದು ಬರೆಯುವ ಕೆಲಸ ಅರ್ಧವಾಗಿತ್ತು.

"ಇಳೀರಿ ಕೆಳಗೆ," ಎಂದಳು ಅಕ್ಕ.

"ಬಣ್ಣ ಒಣಗುತ್ತೆ ಕಣೇ."

"ಒಣಗಲಿ. ಎಲ್ಲಿ ತಿಂತಿದ್ದೀರಿ ಹೇಳಿ. ಯಾರ ಮನೇಲಿ? ಭಾನುವಾರ ಎರಡು ತಿನ್ನೋವಷ್ಟು ಏನಾಗಿತ್ತು ನಿಮಗೆ?"

ಭಾವ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅವರು ನಿಧಾನವಾಗಿ ಇಳಿದು ಬಂದು ಬ್ರಷ್ಷನ್ನು ಡಬ್ಬಿಯ ಮೇಲಿಟ್ಟರು.

"ಎಲ್ಲೂ ತಿಂದಿಲ್ಲ. ನೀನು ನಿಲ್ಲಿಸಿದ ಮೇಲೆ ಒಂದೂ ತಿಂದಿಲ್ಲ."

"ಮತ್ತೆ ಆ ಠಣ್ ಠಣ್?"

"ಸುಳ್ಳು."

ಭಾವ ಬಣ್ಣ ಮೆತ್ತಿದ ಉಗುರು ಕೆರೆಯುತ್ತ ಹೇಳಿದರು, "ಒಂದೂ ಹಾಕದಿದ್ರೆ, ಊರೋರನ್ನೆಲ್ಲ ಮೊಟ್ಟೆ ಲೆಕ್ಕ ಕೇಳ್ತಾಳೆ, ಮನೇಲಿ ಗಂಡನಿಗೆ ಒಂದು ಮೊಟ್ಟೆ ಕೊಡಲ್ಲ ಅಂತ ಆ ಕೊಡೆಯಮ್ಮ ಆಫೀಸಲ್ಲೆಲ್ಲ ಆಡ್ಕೊಳ್ತಿರಲಿಲ್ವಾ? ಅದಕ್ಕೇ ಹಾಕಿದೆ. ಹಾಕೋದು ಹಾಕ್ತೀನಿ, ಚಿಕ್ಕದ್ಯಾಕೆ, ದೊಡ್ಡದೇ ಇರಲಿ ಅಂದುಕೊಂಡೆ."

"ಭಾನುವಾರ ಎರಡು?"

"ಭಾನುವಾರವೂ ಒಂದೇ ಅಂದ್ರೆ ನಂಬಲ್ಲ ಅನ್ನಿಸ್ತು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಂಥ ಗಂಡ ಸಿಕ್ಕಿದ್ದಕ್ಕೆ ಬೇರೆ ಹೆಂಗಸಾದರೆ ಅಲ್ಲೇ ಕರಗಿ ನೀರಾಗುತ್ತಿದ್ದಳು. ನಮ್ಮಕ್ಕ ಕರಗಿದಳು, ಅದು ನನಗೆ ಕಂಡಿತು. ಮರುಕ್ಷಣವೇ ಮೊಟ್ಟೆ ಮೇಡಂ ಆಗಿ ಗಟ್ಟಿಯಾದಳು.

"ಇಷ್ಟು ವರ್ಷ ಒಂದು ಸುಳ್ಳು ಅಂಕಿ ಒಳಗೆ ಬಿಟ್ಟಿರಲಿಲ್ಲ ನಾನು. ಈಗ ನನ್ನ ಮನೆಯಿಂದಲೇ ಎಂಟು ಹೋಗಿದೆ. ಮುಂದೆ ನಿಮ್ಮ ರಕ್ತ ತೆಗೀತಾರೆ. ಇಷ್ಟು ಮೊಟ್ಟೆ ತಿಂದವನ ರಕ್ತ ಹೀಗಿದೆ ಅಂತ ಲೆಕ್ಕ ಹಾಕ್ತಾರೆ. ಅದನ್ನ ನಂಬಿ ಇನ್ಯಾವನೋ ತಿಂತಾನೆ. ಅವನ ಗತಿ?"

"ಹೋಗಿ ಸುಳ್ಳು ಅಂತ ಹೇಳಿಬಿಡು."

"ಒಮ್ಮೆ ಒಳಗೆ ಹೋದದ್ದನ್ನ ತಿದ್ದೋ ಹಾಗಿಲ್ಲ. ನಿಯಮ," ಎಂದಳು. ಅಷ್ಟೇ ಅಲ್ಲ, ಹೇಳಿದರೆ ಗಂಡ ತನ್ನ ಮಾನ ಮುಚ್ಚಲು ಸುಳ್ಳು ಹೇಳಿದ್ದು ಊರಿಗೆ ಗೊತ್ತಾಗುತ್ತದೆ, ಅದು ಅವಳಿಗೆ ಬೇಕಿರಲಿಲ್ಲ. ಸ್ವಲ್ಪ ಹೊತ್ತು ಗೋಡೆಯ ಮೇಲಿನ ಮೊಟ್ಟೆಯನ್ನೇ ನೋಡುತ್ತ ನಿಂತಳು. ಆಮೇಲೆ, "ರಕ್ತ ತೆಗೆಯೋಕೆ ಇನ್ನೂ ಸಮಯ ಇದೆ," ಎಂದಳು.

ಮರುದಿನ ಬೆಳಿಗ್ಗೆ ಭಾವನ ಮುಂದೆ ಮೊಟ್ಟೆ ಬಂತು. ಅಂಕಿಯನ್ನು ತಿದ್ದಲಾಗದಿದ್ದರೆ ಗಂಡನನ್ನೇ ಅಂಕಿಗೆ ಸರಿಯಾಗಿ ತಿದ್ದುವುದು ಎಂದು ಅಕ್ಕ ತೀರ್ಮಾನಿಸಿದ್ದಳು. ದೊಡ್ಡ ಮೊಟ್ಟೆಯೇ ಆಗಬೇಕು. ಮರದ ಮೊಟ್ಟೆಯನ್ನು ಅಂಗಡಿಗೆ ಒಯ್ದು, ಅದರ ಪಕ್ಕ ಇಟ್ಟು ಇಟ್ಟು ನೋಡಿ ಆರಿಸಿ ತಂದಿದ್ದಳು. ಅಂಗಡಿಯವನು ಮೊಸರಲ್ಲಿ ಕಲ್ಲು ಹುಡುಕುವ ಗಿರಾಕಿ ಎಂದು ಗೊಣಗಿದನಂತೆ. ಅರೆಬೆಂದದ್ದೆಂದರೆ ಅವಳಿಗೆ ಇನ್ನೂ ಭಯ. ಕಲ್ಲಿನ ಹಾಗೆ ಬೇಯಿಸಿದ್ದಳು. ಭಾವನ ಎಡಗೈ ಹಿಡಿದು, ನಾಡಿಯ ಮೇಲೆ ಬೆರಳಿಟ್ಟು, "ತಿನ್ನಿ" ಎಂದಳು.

ಭಾವ ತಿಂದರು. ಎಷ್ಟೋ ವರ್ಷ ಗೋಡೆಯ ಮೇಲೆ ಬರೆದು ಬರೆದು ಆಸೆಪಟ್ಟ ಮೊಟ್ಟೆ ಅದು. ಆದರೆ ನಾಡಿ ಹಿಡಿದು ಎದುರಿಗೆ ಕೂತವಳ ಕಣ್ಣಲ್ಲಿ ಆಸ್ಪತ್ರೆಯೇ ಕಾಣುತ್ತಿದ್ದರೆ ಯಾವ ಗಂಟಲಲ್ಲಿ ಇಳಿಯುತ್ತದೆ? ನೀರು ಕುಡಿಕುಡಿದು ನುಂಗಿದರು.

"ಹೇಗಿದೆ?"

"ಚೆನ್ನಾಗಿದೆ," ಎಂದರು ಭಾವ.

ಸೋಮವಾರ, ಮಂಗಳವಾರ, ಬುಧವಾರ, ದಿನವೂ ಹಾಗೆಯೇ. ಭಾನುವಾರ ಎರಡು. ಎರಡನೆಯದನ್ನು ನೋಡಿದಾಗ ಭಾವನ ಮುಖ ಪರೀಕ್ಷೆಗೆ ಕೂತವನ ಮುಖದಂತಾಗುತ್ತಿತ್ತು. ಒಂದು ದಿನ ನನ್ನ ಅಂಗಡಿಗೆ ಬಂದು ಗುಟ್ಟಾಗಿ, "ನನಗೆ ಮೊಟ್ಟೆ ಅಂದ್ರೆ ಈಗ ಹೊಟ್ಟೆ ತೊಳಸುತ್ತೆ ಕಣಯ್ಯ. ಬಿಟ್ಟೂ ಬಿಟ್ಟೂ ರುಚಿ ಹೋಗಿಬಿಟ್ಟಿದೆ" ಎಂದರು. ಮತ್ತೆ ಹೇಳಬಾರದಾ ಎಂದರೆ, "ಅವಳ ಲೆಕ್ಕ ಸರಿಯಾಗ್ಬೇಕಲ್ಲ" ಎಂದು ಎದ್ದು ಹೋದರು.

ರಕ್ತ ತೆಗೆದರು. ಫಲಿತಾಂಶ ಬಂದಾಗ ಹೊಸ ಡಾಕ್ಟರಿಗೆ ಹಿಡಿಸಲಾರದಷ್ಟು ಖುಷಿ. ವರ್ಷಗಟ್ಟಲೆ ದಿನಕ್ಕೊಂದು ದೊಡ್ಡ ಮೊಟ್ಟೆ, ಭಾನುವಾರ ಎರಡು ತಿಂದರೂ ಹೃದ್ರೋಗಿಯೊಬ್ಬನ ರಕ್ತ ಇಷ್ಟು ಶುದ್ಧ! ಭಾಷಣದಲ್ಲಿ ಹೆಸರು ಹೇಳದೆ ಭಾವನನ್ನು ಕೊಂಡಾಡಿದರು, ಎಲ್ಲರೂ ಅಕ್ಕನ ಕಡೆ ತಿರುಗಿ ನೋಡಿದರು. ಆ ರಕ್ತ ಅಷ್ಟು ವರ್ಷ ತಿಂದ ಒಣ ಬ್ರೆಡ್ಡಿನದೋ, ಈಚೆಗೆ ನುಂಗಿದ ಮೊಟ್ಟೆಯದೋ, ದೇವರಿಗೇ ಗೊತ್ತು. ಗೋಡೆಯ ಮೇಲೆ ಮೊಟ್ಟೆಯ ಪಕ್ಕದಲ್ಲಿ ನಗುತ್ತಿರುವ ಮನುಷ್ಯನ ಚಿತ್ರವನ್ನೂ ಬರೆಯಬೇಕೆಂದು ಹೊಸ ಡಾಕ್ಟರು ಭಾವನಿಗೇ ಹೇಳಿದರು. ಭಾವ ಬರೆದರು. ಹತ್ತಿರ ಹೋಗಿ ನೋಡಿದರೆ ಆ ಮನುಷ್ಯ ನಗುತ್ತಿದ್ದಾನೋ ನುಂಗುತ್ತಿದ್ದಾನೋ ಹೇಳುವುದು ಕಷ್ಟ.

ಅಕ್ಕ ಹತ್ತಿರ ಹೋಗಿ ನೋಡಿದಳು. ಆ ಗಂಟಲು ಅವಳಿಗೆ ಗುರುತು ಸಿಕ್ಕಿತು. ಅಲ್ಲಿಂದ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಚೀಲ ತೆರೆದು ಮೇಜಿನ ಮೇಲೆ ತಗಡಿನ ತಟ್ಟೆ ಇಟ್ಟಳು, ಮೂರು ಮೊಟ್ಟೆ ಜೋಡಿಸಿದಳು. ಎದುರಿಗೆ ಭಾವನನ್ನು ಕೂರಿಸಿದಳು. ನಾನು ಹೊಲಿದ ಬಟ್ಟೆ ಕೊಡಲು ಬಂದಿದ್ದೆ.

"ನೀನು ಅಡುಗೆಮನೆಗೆ ಹೋಗು," ಎಂದಳು ನನಗೆ.

"ನಾನ್ಯಾಕೆ? ಮನೆಯವನೇ ತಾನೆ?"

"ಅದಕ್ಕೇ. ನಿಯಮ."

ಹೋದೆ. ಬಾಗಿಲು ಹಾಕಿಕೊಂಡೆ. ಒರೆಸಲು ಒಂದು ಪಾತ್ರೆಯನ್ನೂ ಎತ್ತಿಕೊಂಡೆ. ಅಕ್ಕನ ದನಿ ಕೇಳಿಸಿತು, ಮನೆಯ ದನಿಯಲ್ಲ, ಕೆಲಸದ ದನಿ.

"ರಕ್ತ ಕೊಟ್ಟಾಯ್ತು, ಲೆಕ್ಕ ಮುಗೀತು. ಇನ್ನು ಮುಂದೆ ನಿಮಗೆ ವಾರಕ್ಕೆ ಎಷ್ಟು ಬೇಕು? ನನ್ನ ಮುಖ ನೋಡಬೇಡಿ, ಬಾಯಲ್ಲೂ ಹೇಳಬೇಡಿ. ಸೋಮವಾರ?"

ಸದ್ದಿಲ್ಲ.

"ಮಂಗಳವಾರ?" ಇಲ್ಲ. "ಬುಧವಾರ?" ಅದೂ ಇಲ್ಲ. ಪ್ರತಿ ದಿನದ ನಡುವೆಯೂ ಅವಳು ಬಿಡುವು ಕೊಟ್ಟು ಕಾಯುತ್ತಿದ್ದಳು. ಶನಿವಾರದವರೆಗೆ ತಟ್ಟೆ ಬಾಯಿ ಬಿಡಲಿಲ್ಲ.

"ಭಾನುವಾರ?"

ತುಂಬ ಹೊತ್ತಾದ ಮೇಲೆ, ಟಿಣ್. ಸಣ್ಣದು.

"ಸರಿ," ಎಂದಳು ಅಕ್ಕ. ಕುರ್ಚಿ ಸರಿಸಿದ ಸದ್ದಾಯಿತು. ಅವಳು ಏಳುತ್ತಿದ್ದಳೆಂದು ಕಾಣುತ್ತದೆ, ಅಷ್ಟರಲ್ಲಿ ಮತ್ತೆ ಟಿಣ್.

"ಎರಡಾ? ಒಂದು ನುಂಗೋಕೇ ಅಷ್ಟು ಒದ್ದಾಡ್ತೀರಿ, ನಾನು ನೋಡಿಲ್ವಾ? ಮತ್ತೆ ನನ್ನ ಮರ್ಯಾದೆಗೆ ಹಾಕೋದಾದ್ರೆ ಬೇಡ."

"ಒಂದೇ ನನ್ನದು," ಎಂದರು ಭಾವ. "ಎರಡನೇದು ನಿನ್ನದು."

ನಾನು ಪಾತ್ರೆ ಒರೆಸುವುದನ್ನು ನಿಲ್ಲಿಸಿದೆ.

"ನಾನು ಬಿಟ್ಟಿದ್ದು ನಿಮಗೆ ಗೊತ್ತಿತ್ತಾ?" ಎಂದಳು ಅಕ್ಕ. ಆ ದನಿ ಕೆಲಸದ್ದಲ್ಲ.

"ದಿನಾ ಎದುರಿಗ್ ಕೂತು ತಿಂಡಿ ತಿನ್ನೋನಿಗೆ ಗೊತ್ತಾಗಲ್ವೇನೇ?"

ಯಾರೋ ಮೂಗು ಸೀಟಿದ್ದು ಕೇಳಿಸಿತು, ಯಾರೆಂದು ನಾನು ಹೇಳುವುದಿಲ್ಲ. ಕೊನೆಗೆ ಅಕ್ಕ ಬಾಗಿಲು ತೆಗೆದಳು. ಕಣ್ಣು ಕೆಂಪಗಿತ್ತು, ಮಾತು ಮಾತ್ರ ಎಂದಿನಂತೆ ಗದರುವ ಮಾತೇ.

"ಇಲ್ಲೇನು ಮಾಡ್ತಿದ್ದೀಯ, ಒಣಗಿದ ಪಾತ್ರೆ ಒರೆಸ್ಕೊಂಡು? ಹೋಗು, ಅಂಗಡಿಯಿಂದ ಎರಡು ಮೊಟ್ಟೆ ತಗೊಂಡು ಬಾ. ಸಣ್ಣದು ನೋಡಿ ತಾ. ಬ್ರೆಡ್ಡೂ ಇರಲಿ."

"ಇವತ್ತು ಬುಧವಾರ ಅಲ್ವಾ?" ಎಂದೆ ನಾನು.

"ಗೊತ್ತು, ಹೋಗು," ಎಂದಳು.